ಗ್ಯಾರೇಜಿಗೆ ಹೋಗದ ಕಾರು, ಮನೆಗೇ ಬರುವ ಮಿಸ್ತ್ರಿ

ಹುಬ್ಬಳ್ಳಿ ಕಡೆಯ ಹಳೇ ಕಾರಿನ ಮಿಸ್ತ್ರಿಗೆ ಈಗ ಅಂಗಡಿ ಬೇಕಾಗಿಲ್ಲ. ಬೈಕಿನ ಹಿಂದೆ ಪಾನಾ ಪೆಟ್ಟಿಗೆ, ಜೇಬಿನಲ್ಲಿ ಫೋನು ಇದ್ದರೆ ಸಾಕು. ಇವತ್ತು ಧಾರವಾಡದ ಮಾಳಮಡ್ಡಿ, ನಾಳೆ ಗದಗ, ಮತ್ತೊಂದು ದಿನ ಹಾವೇರಿ. ಇದೇನು ಹೊಸ ಫ್ಯಾಷನ್ ಅಲ್ಲ. ಗ್ಯಾರೇಜುಗಳು ಹಳೇ ಕಾರನ್ನು ಕೈಬಿಟ್ಟಿದ್ದರಿಂದ ಬಂದ ಪರಿಸ್ಥಿತಿ.

ಮೊದಲು ಒಂದು ಮಾತು. ಹಳೇ ಕ್ಲಾಸಿಕ್ ಕಾರು ಅಂದ ಕೂಡಲೇ ನಮ್ಮ ಕಡೆ ಎಂಜಿ, ಜಾಗ್ವಾರ್‌ನಂಥ ವಿಲಾಯತಿ ಸ್ಪೋರ್ಟ್ಸ್ ಕಾರು ಹುಡುಕಲು ಹೋಗಬೇಡಿ. 1950ರ ದಶಕದಲ್ಲಿ ಸರ್ಕಾರ, ಬಿಡಿಭಾಗ ತರಿಸಿ ಬರೀ ಜೋಡಿಸಿ ಮಾರುವ ಕಂಪನಿಗಳಿಗೆ ಬಾಗಿಲು ಹಾಕಿತು. ಫೋರ್ಡ್, ಜನರಲ್ ಮೋಟಾರ್ಸ್ ಎರಡೂ ಗಂಟುಮೂಟೆ ಕಟ್ಟಿದವು. ಆಮೇಲೆ ಬಹಳ ವರ್ಷ ಜನರಿಗೆ ಸಿಕ್ಕಿದ್ದು ಮುಖ್ಯವಾಗಿ ಅಂಬಾಸಿಡರ್, ಫಿಯೆಟ್ ಮತ್ತು ಸ್ಟ್ಯಾಂಡರ್ಡ್ ಹೆರಾಲ್ಡ್. 1961ರಲ್ಲಿ ಮದ್ರಾಸಿನಲ್ಲಿ ತಯಾರಾಗಲು ಶುರುವಾದ ಹೆರಾಲ್ಡ್, ಬ್ರಿಟನ್ನಿನ ಟ್ರಯಂಫ್ ಕಾರೇ. ಮದ್ರಾಸಿನ ಹತ್ತಿರದ ಶೋಲಾವರಂ ರೇಸಿನಲ್ಲೂ ರೇಸಿಗೆಂದು ಸುಧಾರಿಸಿದ ಫಿಯೆಟ್, ಹೆರಾಲ್ಡ್‌ಗಳು ಓಡಿದವು. ಪಕ್ಕದ ಗೋವಾದಲ್ಲಿ 1990ರ ದಶಕದ ಕೊನೆಗೆ ಸ್ಯಾನ್ ಸ್ಟಾರ್ಮ್ ಎಂಬ ಎರಡು ಸೀಟಿನ ಫೈಬರ್ ಬಾಡಿಯ ಕಾರು ಬಂತು, ಆದರೆ ಜಾಸ್ತಿ ಓಡಲಿಲ್ಲ.

ಹುಬ್ಬಳ್ಳಿಯಲ್ಲಿ ಇವನ್ನು ನೋಡಿಕೊಳ್ಳುವ ಕೈಗಳಿಗೆ ಕೊರತೆ ಇರಲಿಲ್ಲ. 1880ರ ದಶಕದಿಂದಲೇ ರೈಲ್ವೆ ವರ್ಕ್‌ಶಾಪ್ ಇದ್ದ ಊರು ಇದು. ಫಿಟ್ಟರ್, ಲೇತ್ ಕೆಲಸ ಇಲ್ಲಿ ಮನೆಮಾತು. ಮೇಲೆ ಲಾರಿ ಧಂದೆ ಬೇರೆ. ಕಂಪನಿ ಬಿಡಿಭಾಗ ಸಿಗದಿದ್ದರೆ ಲೇತಿನಲ್ಲಿ ಬುಷ್ ಹೊಡೆಸಿಕೊಂಡು ಬರುತ್ತಿದ್ದರು.

1983ರ ಡಿಸೆಂಬರ್‌ನಲ್ಲಿ ಮಾರುತಿ 800 ಬಂತು. ಅಲ್ಲಿಂದ ಲೆಕ್ಕ ತಪ್ಪಿತು. ಫಿಯೆಟ್ಟೇ ಹೆಸರು ಬದಲಿಸಿಕೊಂಡ ಪದ್ಮಿನಿ 2000ದ ಹೊತ್ತಿಗೆ, ಅಂಬಾಸಿಡರ್ 2014ರಲ್ಲಿ ನಿಂತವು. ಈಗಿನ ಸರ್ವಿಸ್ ಸೆಂಟರ್‌ನಲ್ಲಿ ಮೊದಲು ಕಾರಿನ ಕಂಪ್ಯೂಟರಿಗೆ ಸ್ಕ್ಯಾನರ್ ಚುಚ್ಚುತ್ತಾರೆ. ಹೆರಾಲ್ಡ್‌ಗೆ ಎಲ್ಲಿ ಚುಚ್ಚುತ್ತೀರಿ? 2021ರಲ್ಲಿ ಕೇಂದ್ರ ಸರ್ಕಾರ 50 ವರ್ಷ ದಾಟಿದ ವಾಹನಗಳಿಗೆ ‘ವಿಎ’ ಸರಣಿಯ ನಂಬರ್ ಕೊಡುವ ನಿಯಮ ತಂದಿತು. ಹೊಸ ನೋಂದಣಿಗೆ ₹20,000. ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ರಿಪೇರಿಗೆ ಒಯ್ಯಲು ಅಡ್ಡಿಯಿಲ್ಲ, ಸರಿ. ಒಯ್ಯುವುದಾದರೂ ಎಲ್ಲಿಗೆ?

ಹಾಗಾಗಿ ಮಿಸ್ತ್ರಿಯೇ ಬರುತ್ತಾರೆ. ‘ಗಾಡಿ ಹೊರಗ ತೆಗಿಬ್ಯಾಡ್ರಿ, ನಾನ ಬರ್ತೀನ್ರಿ’ ಅಂತ ಮೊದಲೇ ಹೇಳಿರುತ್ತಾರೆ. ಹೆರಾಲ್ಡ್ ಆದರೆ ಕೆಲಸ ಸುಲಭ. ಬಾನೆಟ್ಟು, ಎರಡೂ ಮಡ್‌ಗಾರ್ಡ್ ಸಮೇತ ಇಡೀ ಮೂತಿಯೇ ಮುಂದಕ್ಕೆ ಮಗಚಿಕೊಳ್ಳುತ್ತದೆ. ಮುಂದಿನ ಟೈರಿನ ಮೇಲೆ ಕೂತು ಕೆಲಸ ಮಾಡಬಹುದು, ಗುಂಡಿ ಬೇಡ, ರ‍್ಯಾಂಪ್ ಬೇಡ. ಪೆಟ್ಟಿಗೆಯಲ್ಲಿ ಪಾನಾ ಮಾತ್ರ ಎರಡು ಸೆಟ್ ಇರಬೇಕು. ಫಿಯೆಟ್‌ನ ಬೋಲ್ಟು ಮಿಲಿಮೀಟರಿನವು, ಅಂಬಾಸಿಡರ್, ಹೆರಾಲ್ಡಿನವು ಇಂಚಿನವು. ಬಲವಂತ ಮಾಡಿದರೆ ಬೋಲ್ಟಿನ ಮೂಲೆ ಸವೆದು ಹೋಯಿತೆಂದೇ ಲೆಕ್ಕ. ಸ್ಪಾರ್ಕ್ ಪ್ಲಗ್ಗುಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರಿನ ಕ್ಯಾಪ್ ತೆಗೆದು, ಒಳಗೆ ಕರೆಂಟ್ ಕೂಡಿಸಿ ಬಿಡಿಸುವ ಪಾಯಿಂಟ್ ಉಜ್ಜಿ, ನಡುವೆ ಗೇಜಿನ ತೆಳು ಪಟ್ಟಿ ತೂರಿಸುತ್ತಾರೆ. ಅಂಬಾಸಿಡರ್‌ಗೆ ಅಂತರ ಸುಮಾರು 0.4 ಮಿಲಿಮೀಟರ್. ಪಟ್ಟಿ ಸಡಿಲವೂ ಆಗಬಾರದು, ಬಿಗಿಯೂ ಆಗಬಾರದು. ಬ್ಯಾಟರಿ ಬಿಚ್ಚುವ ಮೊದಲೂ ಎಚ್ಚರ ಬೇಕು. 60ರ ದಶಕದ ಬ್ರಿಟಿಷ್ ಕಾರುಗಳಲ್ಲಿ ಬ್ಯಾಟರಿಯ ಪ್ಲಸ್ ತಂತಿಯೇ ಕಾರಿನ ಲೋಹದ ಮೈಗೆ ಅರ್ಥ್ ಆಗಿರುವುದುಂಟು. ಗೊತ್ತಿಲ್ಲದವರು ಉಲ್ಟಾ ಕೊಟ್ಟರೆ ಡೈನಮೋಗೂ ಕಷ್ಟ, ಮಾಲೀಕರ ಜೇಬಿಗೂ ಕಷ್ಟ.

ಈ ಕಾರುಗಳಿಗೆ ಪೆಟ್ರೋಲೂ ಕಾಟ ಕೊಟ್ಟಿದೆ. 2000ದ ಫೆಬ್ರವರಿಯಲ್ಲಿ ದೇಶದಲ್ಲೆಲ್ಲ ಸೀಸದ ಪೆಟ್ರೋಲ್ ನಿಂತಿತು. ಗಾಳಿಗೆ ಒಳ್ಳೆಯದಾಯಿತು. ಆದರೆ ಹಳೇ ಎಂಜಿನ್ನಿನಲ್ಲಿ ವಾಲ್ವ್ ಕೂರುವ ಜಾಗ, ಅಂದರೆ ವಾಲ್ವ್ ಸೀಟ್, ಬೇಗ ಸವೆಯದಂತೆ ಕಾಯುತ್ತಿದ್ದದ್ದು ಅದೇ ಸೀಸ. ಗಟ್ಟಿ ವಾಲ್ವ್ ಸೀಟ್ ಕೂರಿಸಲು ಎಂಜಿನ್ನಿನ ಮೇಲ್ಭಾಗದ ಹೆಡ್ ಇಳಿಸಬೇಕು. ಈಗ ಬಂಕಿನಲ್ಲಿ ಸಿಗುವುದು 20% ಎಥನಾಲ್ ಬೆರೆತ ಪೆಟ್ರೋಲ್. ಎಥನಾಲ್ ನೀರು ಹೀರುತ್ತದೆ, ಹಳೇ ರಬ್ಬರ್ ಪೈಪನ್ನು ಮೆತ್ತಗೆ ಮಾಡುತ್ತದೆ. ದಿನಾ ಓಡುವ ಕಾರಿಗೆ ಹೇಗೋ ನಡೆದೀತು. ವರ್ಷದಲ್ಲಿ ಹತ್ತು ತಿಂಗಳು ಶೆಡ್ಡಿನಲ್ಲೇ ನಿಲ್ಲುವ ಕಾರಿನಲ್ಲಿ, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರ್ ಬಿಚ್ಚಿದರೆ ತಳದಲ್ಲಿ ಕೆಸರು, ತುಕ್ಕು. ಮಿಸ್ತ್ರಿ ಬಂದಾಗೆಲ್ಲ ಮೊದಲ ಕೆಲಸ ಈಗ ಪೈಪ್ ಬದಲಿಸುವುದು, ಕಾರ್ಬುರೇಟರಿನ ಸಣ್ಣ ತೂತಿನ ಜೆಟ್ ಊದುವುದು.

ಈ ಕೆಲಸ ಕಲಿಯುವವರು ಯಾರು? ಕಾರುಗಳಿಂದ ಕಾರ್ಬುರೇಟರ್ ಮಾಯವಾದ ಮೇಲೂ ಬೈಕ್ ಗ್ಯಾರೇಜಿನ ಹುಡುಗರಿಗೆ ಅದು ಗೊತ್ತಿತ್ತು, ಅಲ್ವಾ? 2020ರ ಏಪ್ರಿಲ್‌ನಲ್ಲಿ ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮ ಬಂದ ಮೇಲೆ ಹೊಸ ಬೈಕುಗಳಲ್ಲೂ ಹೆಚ್ಚಿನವಕ್ಕೆ ಕಾರ್ಬುರೇಟರ್ ಬದಲು ಫ್ಯೂಯಲ್ ಇಂಜೆಕ್ಷನ್ ಬಂತು. ಈಗ ಕೆಲಸಕ್ಕೆ ಸೇರುವ ಹುಡುಗ ಕಾರ್ಬುರೇಟರ್ ಮುಟ್ಟಬೇಕೆಂದರೆ ಹಳೇ ಗಾಡಿಯೇ ರಿಪೇರಿಗೆ ಬರಬೇಕು, ಇಲ್ಲವೇ ಪಾನಾ ಪೆಟ್ಟಿಗೆ ಹೊತ್ತು ಈ ಮಿಸ್ತ್ರಿಗಳ ಬೈಕಿನ ಹಿಂದೆ ಕೂರಬೇಕು.