ಡ್ಯಾನ್ಯೂಬ್‌ನ ಹಳೆಯ ಪಾತ್ರಕ್ಕೆ ಎಷ್ಟು ನೀರು?

ಡ್ಯಾನ್ಯೂಬ್ ನದಿಯ ದೂರವನ್ನು ಅಳೆಯುವುದು ಉಗಮದಿಂದಲ್ಲ, ಸಮುದ್ರ ಸೇರುವ ತುದಿಯಿಂದ. ಕಪ್ಪುಸಮುದ್ರದ ಬಳಿಯ ಸುಲಿನಾ ಪಟ್ಟಣ ಸೊನ್ನೆ. ಅಲ್ಲಿಂದ ನದಿಗುಂಟ ಮೇಲಕ್ಕೆ ಬಂದು, ಬೆಲ್‌ಗ್ರೇಡ್ ಮತ್ತು ಬುಡಾಪೆಸ್ಟ್ ದಾಟಿ, ಸ್ಲೊವಾಕಿಯದ ರಾಜಧಾನಿ ಬ್ರಾಟಿಸ್ಲಾವಾ ಇನ್ನೇನು ಬಂತು ಎನ್ನುವಾಗ, 1,851ನೇ ಕಿಲೋಮೀಟರಿನ ಆಸುಪಾಸಿನಲ್ಲಿ ಚುನೊವೊ ಎಂಬಲ್ಲಿ ನದಿಗೆ ಅಡ್ಡಲಾಗಿ ನಿಂತ ಗೇಟುಗಳು ಕಾಣುತ್ತವೆ. 1992ರ ಅಕ್ಟೋಬರ್ ಕೊನೆಯ ವಾರದಲ್ಲಿ ನದಿಯ ಬಹುಪಾಲು ನೀರು ಇಲ್ಲಿಂದ ಕಾಂಕ್ರೀಟಿನ ದಾರಿ ಹಿಡಿಯಿತು. ನದಿಯನ್ನು ಹೀಗೆ ತಿರುಗಿಸಿದ್ದು ಸರಿಯೇ, ಹಳೆಯ ಪಾತ್ರಕ್ಕೆ ಎಷ್ಟು ನೀರು ಉಳಿಯಬೇಕು ಎಂಬುದೇ ಹಂಗೇರಿ ಮತ್ತು ಸ್ಲೊವಾಕಿಯ ನಡುವಿನ ವ್ಯಾಜ್ಯ. ಅದರಲ್ಲಿ ಒಪ್ಪಂದ, ವಿದ್ಯುತ್, ಪ್ರವಾಹ, ಗಡಿ, ರಾಜಕೀಯ ಎಲ್ಲವೂ ಎಷ್ಟು ಹೆಣೆದುಕೊಂಡಿವೆಯೆಂದರೆ, ಮೊದಲಿನಿಂದ ಬಿಡಿಸಿ ನೋಡದೆ ಅದು ಅರ್ಥವಾಗುವುದಿಲ್ಲ.

ಜರ್ಮನಿಯ ಬ್ಲ್ಯಾಕ್ ಫಾರೆಸ್ಟ್ ಬೆಟ್ಟಗಳಿಂದ ಇಳಿಯುವ ಬ್ರೆಗ್ ಮತ್ತು ಬ್ರಿಗಾಕ್ ಎಂಬ ಎರಡು ಹೊಳೆಗಳು ಕೂಡಿ ಡ್ಯಾನ್ಯೂಬ್ ಆಗುತ್ತದೆ. ಸುಮಾರು 2,850 ಕಿಲೋಮೀಟರ್ ಹರಿಯುವ ಈ ನದಿ, ಯುರೋಪಿನಲ್ಲಿ ವೋಲ್ಗಾ ಬಿಟ್ಟರೆ ಅತಿ ಉದ್ದನೆಯದು. ಅದು ಹತ್ತು ದೇಶಗಳನ್ನು ಮುಟ್ಟುತ್ತದೆ, ನಾಲ್ಕು ರಾಜಧಾನಿಗಳು ಅದರ ದಡದಲ್ಲಿವೆ, ಅದರ ಜಲಾನಯನ ಪ್ರದೇಶ ಸುಮಾರು 8 ಲಕ್ಷ ಚದರ ಕಿಲೋಮೀಟರ್. ಒಂದು ಕಾಲಕ್ಕೆ ರೋಮನ್ ಸಾಮ್ರಾಜ್ಯದ ಗಡಿಯಾಗಿದ್ದ ಈ ನೀರು, 1856ರ ಪ್ಯಾರಿಸ್ ಒಪ್ಪಂದದ ಹೊತ್ತಿಗೆ ಯುರೋಪಿನ ದೊಡ್ಡ ರಾಷ್ಟ್ರಗಳು ಕೂಡಿ ಆಯೋಗ ರಚಿಸಿ ಕಾಯಬೇಕಾದ ಹಡಗಿನ ಹಾದಿಯಾಗಿತ್ತು. ಮೊದಲ ಮಹಾಯುದ್ಧದ ನಂತರ ಅದರ ಒಂದು ತುಂಡು ಹಂಗೇರಿ ಮತ್ತು ಚೆಕೊಸ್ಲೊವಾಕಿಯಗಳ ಗಡಿಯಾಯಿತು. ಇಂದಿನ ಸ್ಲೊವಾಕಿಯ ಆಗ ಚೆಕೊಸ್ಲೊವಾಕಿಯದ ಭಾಗ.

ವ್ಯಾಜ್ಯ ಹುಟ್ಟಿದ್ದು ಆ ತುಂಡಿನಲ್ಲಿಯೇ. ಆಲ್ಪ್ಸ್ ಮತ್ತು ಕಾರ್ಪೇಥಿಯನ್ ಪರ್ವತಗಳ ನಡುವಿನ ಕಂಡಿಯಿಂದ ಹೊರಬಿದ್ದ ಕೂಡಲೇ ನದಿಯ ಇಳಿಜಾರು ಕಡಿಮೆಯಾಗುತ್ತದೆ. ರಭಸ ಕಳೆದುಕೊಂಡ ನೀರು, ಹೊತ್ತು ತಂದ ಗರಸನ್ನೆಲ್ಲ ಇಲ್ಲಿ ಇಳಿಸಿ, ಹತ್ತಾರು ಕವಲುಗಳಾಗಿ ಒಡೆಯುತ್ತದೆ. ಸಮುದ್ರದಿಂದ ಇಷ್ಟು ದೂರದಲ್ಲಿದ್ದರೂ ಇದು ಮುಖಜಭೂಮಿಯಂತೆಯೇ ಕಾಣುವ ನಾಡು. ಉತ್ತರ ದಂಡೆಯ ಭಾಗ ಝಿಟ್ನಿ ಒಸ್ತ್ರೊವ್, ದಕ್ಷಿಣದ್ದು ಸಿಗೆಟ್‌ಕೊಜ್. ಎರಡರ ಅಡಿಯಲ್ಲೂ ದಪ್ಪನೆಯ ಗರಸಿನ ಪದರಗಳಲ್ಲಿ ಅಪಾರ ಸಿಹಿನೀರು ನಿಂತಿದೆ. ನದಿ ಏರಿದಾಗ ಆ ಅಂತರ್ಜಲ ಏರುತ್ತದೆ, ಇಳಿದಾಗ ಇಳಿಯುತ್ತದೆ. ಹಡಗಿನವರಿಗೆ ಮಾತ್ರ ಇದೇ ಗರಸಿನ ದಿಬ್ಬಗಳು ದೊಡ್ಡ ತೊಡಕು. ಪ್ರವಾಹದ ಭಯವೂ ಬರಿಯ ಮಾತಲ್ಲ: 1965ರಲ್ಲಿ ಉತ್ತರ ದಂಡೆಯ ಒಡ್ಡುಗಳು ಒಡೆದು ಸಾವಿರಾರು ಜನ ಮನೆ ಬಿಡಬೇಕಾಯಿತು.

ಈ ಹಿನ್ನೆಲೆಯಲ್ಲಿ 1977ರ ಸೆಪ್ಟೆಂಬರ್ 16ರಂದು ಹಂಗೇರಿ ಮತ್ತು ಚೆಕೊಸ್ಲೊವಾಕಿಯ ಬುಡಾಪೆಸ್ಟ್‌ನಲ್ಲಿ ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ದುನಾಕಿಲಿಟಿ ಎಂಬಲ್ಲಿ ನದಿಯನ್ನು ತಡೆದು ಜಲಾಶಯ ಮಾಡುವುದು, ಅಲ್ಲಿಂದ ಸುಮಾರು 17 ಕಿಲೋಮೀಟರಿನ ಕಾಲುವೆಯಲ್ಲಿ ನೀರನ್ನು ಸ್ಲೊವಾಕ್ ನೆಲದ ಗಬ್ಚೀಕೊವೊ ವಿದ್ಯುತ್ ಕೇಂದ್ರಕ್ಕೆ ಒಯ್ಯುವುದು, ಕೆಳಗೆ ಹಂಗೇರಿಯ ನಾಜ್ಮಾರೋಶ್‌ನಲ್ಲಿ ಇನ್ನೊಂದು ಅಣೆಕಟ್ಟು ಕಟ್ಟುವುದು ಯೋಜನೆ. ಗಬ್ಚೀಕೊವೊದ ಸಾಮರ್ಥ್ಯ 720 ಮೆಗಾವ್ಯಾಟ್. ದಿನದ ಹೆಚ್ಚು ಹೊತ್ತು ನೀರನ್ನು ಹಿಡಿದಿಟ್ಟು, ವಿದ್ಯುತ್ ಬೇಡಿಕೆ ಏರಿದ ಕೆಲವೇ ಗಂಟೆಗಳಲ್ಲಿ ಒಮ್ಮೆಗೇ ಬಿಡಬೇಕೆಂದು ಲೆಕ್ಕ ಹಾಕಿದ್ದರು. ಹಾಗೆ ಬಿಟ್ಟ ನೀರಿನ ಏರಿಳಿತವನ್ನು ಸಮ ಮಾಡುವುದು ನಾಜ್ಮಾರೋಶ್‌ನ ಕೆಲಸ. ಹೀಗಾಗಿ ಎರಡೂ ಕಟ್ಟೆಗಳು ಒಂದಕ್ಕೊಂದು ಕಟ್ಟುಬಿದ್ದಿದ್ದವು. ಒಂದನ್ನು ಕೈಬಿಟ್ಟರೆ ಇನ್ನೊಂದರ ಲೆಕ್ಕವೇ ತಪ್ಪುತ್ತಿತ್ತು. ಮುಂದೆ ನಡೆದದ್ದನ್ನೆಲ್ಲ ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡೇ ನೋಡಬೇಕು.

1980ರ ದಶಕದ ಹಂಗೇರಿಯಲ್ಲಿ ಒಂದೇ ಪಕ್ಷದ ಆಡಳಿತವಿತ್ತು. ಸರ್ಕಾರದ ಯೋಜನೆಯನ್ನು ಬಹಿರಂಗವಾಗಿ ಪ್ರಶ್ನಿಸುವ ರೂಢಿ ಇರಲಿಲ್ಲ. ಯಾನೋಶ್ ವರ್ಗಾ ಎಂಬ ಜೀವವಿಜ್ಞಾನಿ ಅಂತರ್ಜಲಕ್ಕೂ ನದಿಯಂಚಿನ ಕಾಡಿಗೂ ಏನಾಗುತ್ತದೆಂದು ಬರೆಯತೊಡಗಿದರು. ಅವರ ಸುತ್ತ ನೆರೆದವರು 1984ರಲ್ಲಿ ‘ದುನಾ ಕೊರ್’, ಅಂದರೆ ಡ್ಯಾನ್ಯೂಬ್ ಬಳಗ ಕಟ್ಟಿದರು. ಮರುವರ್ಷ ಅದಕ್ಕೆ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು. ಅದೇ 1984ರ ಡಿಸೆಂಬರ್‌ನಲ್ಲಿ ಮೇಲ್ಭಾಗದ ಆಸ್ಟ್ರಿಯದ ಹೈನ್‌ಬುರ್ಗ್‌ನಲ್ಲಿ ಜನ ಕೊರೆಯುವ ಚಳಿಯಲ್ಲಿ ಕಾಡಿನೊಳಗೇ ಬೀಡುಬಿಟ್ಟು ಅಲ್ಲಿನ ಅಣೆಕಟ್ಟನ್ನು ತಡೆದರು. ಆ ಕಾಡು 1996ರಿಂದ ರಾಷ್ಟ್ರೀಯ ಉದ್ಯಾನ. ಆದರೆ 1986ರಲ್ಲಿ ನಾಜ್ಮಾರೋಶ್‌ಗೆ ಸಾಲ ಮತ್ತು ಗುತ್ತಿಗೆದಾರರು ಬಂದದ್ದು ಕೂಡ ಆಸ್ಟ್ರಿಯದಿಂದಲೇ. ಆ ಸಾಲವನ್ನು ವಿದ್ಯುತ್ತಿನ ರೂಪದಲ್ಲಿ ತೀರಿಸಬೇಕಿತ್ತು. ತನ್ನ ದಡದಲ್ಲಿ ಬೇಡವಾದ ಕಟ್ಟೆ ನೆರೆಯವರ ದಡದಲ್ಲಿ ಆಗಬಹುದು ಎಂಬ ಈ ಏರ್ಪಾಡು ಇಂದಿಗೂ ಮನಸ್ಸಿಗೆ ಒಗ್ಗುವುದಿಲ್ಲ.

1988ರ ಸೆಪ್ಟೆಂಬರ್‌ನಲ್ಲಿ ಬುಡಾಪೆಸ್ಟ್‌ನ ಸಂಸತ್ ಭವನದ ಮುಂದೆ ಸಾವಿರಾರು ಜನ ಸೇರಿದರು. ಆ ಭವನ ನಿಂತಿರುವುದೂ ಡ್ಯಾನ್ಯೂಬ್ ದಡದಲ್ಲೇ. ನದಿಯ ಹೆಸರಿನಲ್ಲಿ ಜನ ಬಾಯಿ ಬಿಟ್ಟು ಮಾತಾಡಲು ಕಲಿತರು. ಅಣೆಕಟ್ಟು ಹಳೆಯ ವ್ಯವಸ್ಥೆಯ ಗುರುತಾಯಿತು. 1989ರ ಮೇ 13ರಂದು ನಾಜ್ಮಾರೋಶ್ ಕೆಲಸ ನಿಂತಿತು, ಅಕ್ಟೋಬರ್‌ನಲ್ಲಿ ಅದನ್ನು ಪೂರ್ತಿ ಕೈಬಿಡಲಾಯಿತು. ಆಚೆ ದಂಡೆಯಲ್ಲಿ ಚಿತ್ರ ಬೇರೆ. ಗಬ್ಚೀಕೊವೊದ ಕೆಲಸ ಆ ಹೊತ್ತಿಗೆ ಬಹುಪಾಲು ಮುಗಿದಿತ್ತು. ಹಳ್ಳಿಗಳ ಪಕ್ಕದಲ್ಲೇ ಕಾಲುವೆಯ ಎತ್ತರದ ಏರಿಗಳು ಎದ್ದಿದ್ದವು. 1965ನ್ನು ಕಂಡವರಿಗೆ ಆ ಏರಿ ರಕ್ಷಣೆ; ಸ್ವತಂತ್ರ ದೇಶದ ಕನಸು ಕಾಣುತ್ತಿದ್ದ ಸ್ಲೊವಾಕರಿಗೆ ಆ ಕೇಂದ್ರ ಹೆಮ್ಮೆ. ಅಷ್ಟು ಹಣ ಸುರಿದ ಮೇಲೆ ಒಣ ಕಾಲುವೆಯನ್ನು ಹಾಗೇ ಬಿಡಿ ಎಂದರೆ ಯಾರು ತಾನೇ ಒಪ್ಪಿಯಾರು?

1991ರ ನವೆಂಬರ್‌ನಲ್ಲಿ ಚೆಕೊಸ್ಲೊವಾಕಿಯದ ‘ವೇರಿಯಂಟ್ ಸಿ’ ಆರಂಭವಾಯಿತು. ಹಂಗೇರಿಯ ನೆಲವನ್ನು ಮುಟ್ಟದೆ, ನದಿಯ ಎರಡೂ ದಡ ಸ್ಲೊವಾಕ್ ಆಗಿರುವ ಚುನೊವೊದಲ್ಲೇ ನೀರು ತಿರುಗಿಸುವ ಬದಲಿ ಯೋಜನೆ ಇದು. 1992ರ ಮೇನಲ್ಲಿ ಹಂಗೇರಿ ಒಪ್ಪಂದವನ್ನೇ ರದ್ದೆಂದು ಸಾರಿತು. ಸೆಪ್ಟೆಂಬರ್‌ನಲ್ಲಿ ರೈನ್–ಮೈನ್–ಡ್ಯಾನ್ಯೂಬ್ ಕಾಲುವೆ ತೆರೆದು, ಉತ್ತರ ಸಮುದ್ರದಿಂದ ಕಪ್ಪುಸಮುದ್ರಕ್ಕೆ ಹಡಗಿನ ಹಾದಿ ಕೂಡಿಕೊಂಡಿತು. ಅಕ್ಟೋಬರ್‌ನಲ್ಲಿ ನದಿ ತಿರುಗಿತು. ಸೆಕೆಂಡಿಗೆ ಸರಾಸರಿ 2,000 ಘನ ಮೀಟರ್, ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು 70 ಸಾವಿರ ಕ್ಯುಸೆಕ್ ನೀರಿನಲ್ಲಿ ಐದನೇ ನಾಲ್ಕಕ್ಕೂ ಹೆಚ್ಚು ಪಾಲು ಕಾಲುವೆಗೆ ಹೋಯಿತು. ಸಿಗೆಟ್‌ಕೊಜ್‌ನ ಕವಲುಗಳಲ್ಲಿ ಗರಸು ಬಿಸಿಲಿಗೆ ಬಿತ್ತು. ಎರಡು ತಿಂಗಳಲ್ಲಿ ಚೆಕೊಸ್ಲೊವಾಕಿಯವೇ ಇಲ್ಲವಾಗಿ, ವ್ಯಾಜ್ಯ ಹೊಸ ಸ್ಲೊವಾಕಿಯದ ಹೆಗಲಿಗೆ ಬಂತು.

ಎರಡೂ ದೇಶಗಳು ಒಪ್ಪಿಯೇ 1993ರಲ್ಲಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದ ಮೊರೆ ಹೋದವು. ತನ್ನ ಇತಿಹಾಸದಲ್ಲೇ ಮೊದಲ ಬಾರಿಗೆ ನ್ಯಾಯಾಲಯ 1997ರ ಏಪ್ರಿಲ್‌ನಲ್ಲಿ ಸ್ಥಳ ಪರಿಶೀಲನೆಗೆ ಹೊರಟಿತು. ಸೆಪ್ಟೆಂಬರ್ 25ರ ತೀರ್ಪಿನಂತೆ, ಕೆಲಸ ನಿಲ್ಲಿಸಿ ಕೈಬಿಡುವ ಹಕ್ಕು ಹಂಗೇರಿಗಿರಲಿಲ್ಲ. ಬದಲಿ ಯೋಜನೆಯ ಕಾಮಗಾರಿ ಆರಂಭಿಸಿದ್ದು ಸರಿ, ಅದನ್ನು ಚಾಲೂ ಮಾಡಿದ್ದು ತಪ್ಪು. 1977ರ ಒಪ್ಪಂದ ಇನ್ನೂ ಜೀವಂತವಾಗಿದೆ, ಇಬ್ಬರೂ ಸದ್ಭಾವದಿಂದ ಮಾತಾಡಿಕೊಳ್ಳಬೇಕು. ಶ್ರೀಲಂಕಾದ ನ್ಯಾಯಮೂರ್ತಿ ವೀರಮಂತ್ರಿ ತಮ್ಮ ಪ್ರತ್ಯೇಕ ಅಭಿಪ್ರಾಯದಲ್ಲಿ ತಮ್ಮ ನಾಡಿನ ಪ್ರಾಚೀನ ಕೆರೆಗಳ ಕಥೆ ಹೇಳಿ, ಅಭಿವೃದ್ಧಿ ಮತ್ತು ಪರಿಸರವನ್ನು ಒಟ್ಟಿಗೆ ನಡೆಸುವ ವಿವೇಕ ಹೊಸದಲ್ಲವೆಂದು ನೆನಪಿಸಿದರು. ಇಡೀ ಕಡತದಲ್ಲಿ ಮತ್ತೆ ಮತ್ತೆ ಓದಬೇಕೆನಿಸುವ ಪುಟಗಳು ಅವು.

1998ರಲ್ಲಿ ಹಂಗೇರಿಯ ಸರ್ಕಾರ ಮತ್ತೆ ಅಣೆಕಟ್ಟಿನ ಮಾತೆತ್ತಿದಾಗ ಬುಡಾಪೆಸ್ಟ್‌ನ ಜನ ಮತ್ತೆ ಬೀದಿಗಿಳಿದರು. ಹೆಚ್ಚುವರಿ ತೀರ್ಪು ಕೋರಿ ಅದೇ ವರ್ಷ ಸಲ್ಲಿಸಿದ್ದ ಅರ್ಜಿಯನ್ನು ಸ್ಲೊವಾಕಿಯ 2017ರಲ್ಲಿ ಹಿಂತೆಗೆದುಕೊಂಡಿತು. ನಾಜ್ಮಾರೋಶ್‌ನಲ್ಲಿ ಎದ್ದಿದ್ದ ತಾತ್ಕಾಲಿಕ ಒಡ್ಡುಗಳನ್ನು ಎಂದೋ ಕಿತ್ತುಹಾಕಿದ್ದಾರೆ. ಗಬ್ಚೀಕೊವೊ ಬಂದ ನೀರನ್ನು ಬಂದಂತೆಯೇ ಬಿಟ್ಟು ವಿದ್ಯುತ್ ತೆಗೆಯುತ್ತಿದೆ. ಕಾಲುವೆ ಮತ್ತು ಹಳೆಯ ನದಿಯ ನಡುವೆ ಸಿಕ್ಕಿಕೊಂಡ ದೊಬ್ರೊಹೊಶ್ಚ್, ವೊಯ್ಕಾ, ಬೊದೀಕಿ ಹಳ್ಳಿಗಳಿಗಾಗಿ ವೊಯ್ಕಾದ ಬಳಿ ವಾಹನಗಳನ್ನು ಹೊತ್ತ ಫೆರ್ರಿ ಕಾಲುವೆ ದಾಟುತ್ತದೆ. ಹಳೆಯ ಪಾತ್ರಕ್ಕೆ ಬಿಡಬೇಕಾದ ನೀರು ವಾರ್ಷಿಕ ಸರಾಸರಿ ಸೆಕೆಂಡಿಗೆ 400 ಘನ ಮೀಟರ್. ಅದನ್ನು ನಿಗದಿಪಡಿಸಿದ್ದು 1995ರ ಏಪ್ರಿಲ್‌ನಲ್ಲಿ, ಹೇಗ್‌ನ ತೀರ್ಪು ಬರುವವರೆಗೆ ಸಾಕು ಎಂದು ಮಾಡಿಕೊಂಡ ಒಂದು ತಾತ್ಕಾಲಿಕ ಒಪ್ಪಂದ.