ಪದ ಪರಿಚಯ: ಒಳ ಹೈಡ್ರೋಜನ್ ಬಂಧ

ನೋಟು ಅಸಲಿಯೋ ನಕಲಿಯೋ ಅಂತ ನೋಡುವ ನೇರಳೆ ಟಾರ್ಚ್ ಬರುತ್ತಲ್ಲ, ಅಂಥದ್ದೊಂದು ನಮ್ಮನೆಯಲ್ಲಿದೆ. ಒಂದು ರಾತ್ರಿ ಲೈಟ್ ಆರಿಸಿ ಎರಡು ಗಾಜಿನ ಲೋಟ ಇಟ್ಟುಕೊಂಡೆ. ಎರಡಕ್ಕೂ ಚಿಟಿಕೆ ಅರಿಶಿನ ಹಾಕಿದೆ. ಒಂದಕ್ಕೆ ನೀರು, ಇನ್ನೊಂದಕ್ಕೆ ಗಾಯಕ್ಕೆ ಹಚ್ಚುವ ಸ್ಪಿರಿಟ್. ಟಾರ್ಚ್ ಹಿಡಿದರೆ ಸ್ಪಿರಿಟ್ಟಿನ ಲೋಟ ಹಸಿರು ಹಳದಿಯಾಗಿ ಹೊಳೆಯಿತು. ನೀರಿನ ಲೋಟ ಮಂಕಾಗಿಯೇ ಕೂತಿತ್ತು.

ಅರಿಶಿನದ ಬಣ್ಣ ಕರ್ಕ್ಯುಮಿನ್. ಅದು ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ, ಇದು ಒಂದು ಕಾರಣ. ಆದರೆ ಕರಗಿದ ಅಷ್ಟಿಷ್ಟೂ ನೀರಿನಲ್ಲಿ ಹೊಳೆಯುವುದು ತೀರಾ ಕಮ್ಮಿ. ಯಾಕೆ ಅಂತ ತಿಳಿಯಲು ಈ ಪದ ಬೇಕು.

ಆಕ್ಸಿಜನ್ನಿಗೆ ಕಟ್ಟಿಕೊಂಡ ಹೈಡ್ರೋಜನ್, ಹತ್ತಿರದ ಇನ್ನೊಂದು ಆಕ್ಸಿಜನ್ ಕಡೆಗೂ ವಾಲುತ್ತದೆ. ಆ ವಾಲುವ ನಂಟೇ ಹೈಡ್ರೋಜನ್ ಬಂಧ. ನೀರಿನಲ್ಲಿ ಇದರ ಬಲ, ಆಕ್ಸಿಜನ್-ಹೈಡ್ರೋಜನ್ ನಡುವಿನ ಅಸಲಿ ಬಂಧದ ಸುಮಾರು 20ರಲ್ಲಿ 1 ಪಾಲು ಅಷ್ಟೆ. ಈ ನಂಟು ಎರಡು ಅಣುಗಳ ನಡುವೆ ಇರಬಹುದು, ಒಂದೇ ಅಣುವಿನ ಎರಡು ಭಾಗಗಳ ನಡುವೆಯೂ ಇರಬಹುದು. ಎರಡನೆಯದೇ ಒಳ ಬಂಧ.

ಇದನ್ನು ಚೆನ್ನಾಗಿ ತೋರಿಸುವ ಅಣು 3-ಹೈಡ್ರಾಕ್ಸಿಫ್ಲೇವೋನ್. ಈರುಳ್ಳಿ ಸಿಪ್ಪೆಯಲ್ಲಿರುವ ಕ್ವೆರ್ಸೆಟಿನ್ ಇದರ ನೆಂಟ. ಇದರಲ್ಲಿ ಎರಡು ಆಕ್ಸಿಜನ್ ಅಕ್ಕಪಕ್ಕ ಇವೆ. ಒಂದಕ್ಕೆ ಹೈಡ್ರೋಜನ್ ಇದೆ, ಇನ್ನೊಂದಕ್ಕಿಲ್ಲ. ಅಣುವಿನ ಮೇಲೆ ಅತಿನೇರಳೆ ಬೆಳಕು ಬಿದ್ದ ಕೂಡಲೇ ಆ ಹೈಡ್ರೋಜನ್ ತನ್ನ ಎಲೆಕ್ಟ್ರಾನನ್ನು ಅಲ್ಲೇ ಬಿಟ್ಟು, ಬರೀ ಪ್ರೋಟಾನ್ ಆಗಿ ಪಕ್ಕದ ಆಕ್ಸಿಜನ್ನಿಗೆ ಜಿಗಿಯುತ್ತದೆ. ಜಿಗಿಯಲು ಬೇಕಾಗುವ ಸಮಯ ಒಂದು ಸೆಕೆಂಡಿನ ಲಕ್ಷ ಕೋಟಿಯಲ್ಲಿ ಒಂದು ಪಾಲಿಗಿಂತಲೂ ಕಮ್ಮಿ! ಜಿಗಿದ ಮೇಲೆ ಹೊರಬರುವ ಬೆಳಕು ಹಸಿರು, ತರಂಗಾಂತರ ಸುಮಾರು 530 ನ್ಯಾನೊಮೀಟರ್. ಜಿಗಿಯದೇ ಉಳಿದ ಅಣು ಬಿಡುವುದು ನೇರಳೆ, ಸುಮಾರು 400. ಬೆಳಕು ಬಿಟ್ಟಾದ ಮೇಲೆ ಪ್ರೋಟಾನ್ ಸುಮ್ನೆ ತನ್ನ ಹಳೇ ಜಾಗಕ್ಕೆ ವಾಪಸ್.

ಈಗ ದ್ರಾವಕದ, ಅಂದರೆ ಅಣುವನ್ನು ಕರಗಿಸಿಕೊಂಡ ದ್ರವದ ಪಾತ್ರ. ಹೆಕ್ಸೇನಿನಂಥ ಎಣ್ಣೆ ಜಾತಿಯ ದ್ರಾವಕಕ್ಕೆ ಹೈಡ್ರೋಜನ್ ಬಂಧದ ಗೊಡವೆಯೇ ಇಲ್ಲ. ಅಲ್ಲಿ ಒಳ ಬಂಧ ಹಾಗೇ ಉಳಿಯುತ್ತದೆ, ಹಸಿರು ಮಾತ್ರ ಕಾಣುತ್ತದೆ. ಆಲ್ಕೋಹಾಲ್ (ನಮ್ಮ ಸ್ಪಿರಿಟ್ಟಿನಲ್ಲಿರುವುದು ಇದೇ) ಹಾಗಲ್ಲ. ಅದು ಅಣುವಿನ ಹೈಡ್ರೋಜನ್ನನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ, ಇತ್ತ ತನ್ನ ಹೈಡ್ರೋಜನ್ನನ್ನು ಖಾಲಿ ಆಕ್ಸಿಜನ್ನಿಗೆ ಚಾಚುತ್ತದೆ. ಒಳಗಿನ ನಂಟು ಸಡಿಲವಾಗುತ್ತದೆ. ಆಗ ನೇರಳೆ, ಹಸಿರು ಎರಡೂ ಒಟ್ಟಿಗೆ ಬರುತ್ತವೆ. ಎರಡರ ಅನುಪಾತ ನೋಡಿದರೆ ಸುತ್ತ ಯಾರಿದ್ದಾರೆ ಅಂತ ಅಣುವೇ ಹೇಳಿದ ಹಾಗಾಯಿತು. ಜೀವಕೋಶದ ಪೊರೆಯಲ್ಲಿ ನೀರು ಎಲ್ಲಿವರೆಗೆ ನುಗ್ಗಿದೆ ಅಂತ ತಿಳಿಯಲು ಇದೇ ವಂಶದ ಬಣ್ಣಗಳನ್ನು ಬಳಸುತ್ತಾರೆ.

ಇದರ ಹಿಂದೊಂದು ಕಥೆ ಇದೆ. ಅಮೆರಿಕದ ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪ್ರದೀಪ್ ಸೇನ್‌ಗುಪ್ತ ಮತ್ತು ಮೈಕಲ್ ಕಾಶಾ 1979ರಲ್ಲಿ ಈ ಪ್ರೋಟಾನ್ ಜಿಗಿತವನ್ನು ವರದಿ ಮಾಡಿದರು. ಆದರೆ ಒಂದು ಗೊಂದಲ ಉಳಿಯಿತು. ಎಣ್ಣೆ ಜಾತಿಯ ದ್ರಾವಕವನ್ನು ತುಂಬಾ ತಣ್ಣಗೆ ಮಾಡಿ ಗಟ್ಟಿಯಾಗಿಸಿದರೆ ಅಲ್ಲೂ ನೇರಳೆ ಬೆಳಕು! ದ್ರಾವಕ ಬಿಗಿಯಾಗಿ ಜಿಗಿತಕ್ಕೆ ಅಡ್ಡಿಯಾಯಿತೇನೋ ಅಂದುಕೊಂಡರು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗೆ. ಅಸಲಿ ಕಳ್ಳ ದ್ರಾವಕದ ಬಾಟಲಿಯಲ್ಲೇ ಇದ್ದ. ಡೇಲ್ ಮ್ಯಾಕ್‌ಮೊರೋ ಮತ್ತು ಕಾಶಾ 1980ರ ದಶಕದ ಮೊದಲಲ್ಲಿ ದ್ರಾವಕವನ್ನು ಪಟ್ಟು ಹಿಡಿದು ಶುದ್ಧ ಮಾಡಿ, ಪೂರ್ತಿ ಒಣಗಿಸಿ ನೋಡಿದರು. ಅಷ್ಟು ಚಳಿಯಲ್ಲೂ ಹಸಿರು ಮಾತ್ರ ಬಂತು. ಮೊದಲು ಕಂಡ ನೇರಳೆ, ದ್ರಾವಕದಲ್ಲಿ ಸೇರಿಕೊಂಡಿದ್ದ ಚೂರೇ ಚೂರು ನೀರಿನಂಥ ಕಲ್ಮಶದ ಕೆಲಸ. ಕಣ್ಣಿಗೆ ಕಾಣದಷ್ಟು ತೇವ ಒಂದು ಸಿದ್ಧಾಂತವನ್ನೇ ದಾರಿ ತಪ್ಪಿಸಬಹುದು, ಅಲ್ವಾ?

ಇನ್ನು ನಮ್ಮ ಅರಿಶಿನ. ಕರ್ಕ್ಯುಮಿನ್ನಿನ ನಡುವೆಯೂ ಎರಡು ಆಕ್ಸಿಜನ್‌ಗಳ ಮಧ್ಯೆ ಒಂದು ಹೈಡ್ರೋಜನ್ ಸಿಕ್ಕಿಕೊಂಡಿದೆ. ಆದರೆ ಲೆಕ್ಕ ಬೇರೆ. ಇಲ್ಲಿ ಹೈಡ್ರೋಜನ್ ಜಿಗಿದರೆ ಬೆಳಕಿನ ಬಣ್ಣ ಬದಲಾಗುವುದಿಲ್ಲ, ಶಕ್ತಿ ಬೆಳಕಾಗದೆ ಸೋರಿಹೋಗುತ್ತದೆ. ಹಾಗಾಗಿ ಒಳ ಬಂಧ ಗಟ್ಟಿಯಿರುವ, ಹೆಕ್ಸೇನಿನಂಥದೇ ದ್ರಾವಕ ಸೈಕ್ಲೋಹೆಕ್ಸೇನಿನಲ್ಲಿ ಹೊಳಪು ಕಮ್ಮಿ. ನೀರಿನಲ್ಲೂ ಕಮ್ಮಿ, ಅಲ್ಲಿ ಹೊರಗಿನ ಬಂಧಗಳು ಮುತ್ತಿಕೊಂಡು ಶಕ್ತಿ ಹೀರುತ್ತವೆ. ಇವೆರಡರ ನಡುವಿನ ಅಸಿಟೋನೈಟ್ರೈಲ್ ಎಂಬ ದ್ರಾವಕದಲ್ಲಿ ಜಾಸ್ತಿ. ಸ್ಪಿರಿಟ್ಟಿನದು ಮಧ್ಯಮ, ಆದರೂ ಕಣ್ಣಿಗೆ ಸಾಕು.

ಒಂದು ಮಾತು. ಬೆಳಕಿನ ಬಣ್ಣ ಬದಲಾದಾಗಲೆಲ್ಲ ಹೈಡ್ರೋಜನ್ ಬಂಧವನ್ನೇ ಹೊಣೆ ಮಾಡಬೇಡಿ. ದ್ರಾವಕದ ಧ್ರುವೀಯತೆಯೂ (ಅದರ ಅಣುವಿನಲ್ಲಿ ವಿದ್ಯುದಂಶ ಒಂದು ಕಡೆ ವಾಲಿರುವ ಗುಣ) ಬಣ್ಣವನ್ನು ಸರಿಸುತ್ತದೆ, ಎರಡೂ ಒಟ್ಟಿಗೆ ನಡೆಯುವುದೇ ಹೆಚ್ಚು. ಮನೆಯಲ್ಲಿ ನೋಡುವುದಾದರೆ ಸ್ಪಿರಿಟ್ಟಿನ ಲೋಟಕ್ಕೆ ಚಮಚ ಚಮಚ ನೀರು ಹಾಕುತ್ತಾ ಟಾರ್ಚ್ ಹಿಡಿಯಿರಿ, ಹೊಳಪು ಇಳಿಯುತ್ತಾ ಬರುತ್ತದೆ. ಹತ್ತಿರ ದೀಪ, ಒಲೆ ಮಾತ್ರ ಬೇಡ, ಸ್ಪಿರಿಟ್ ಬೇಗ ಹೊತ್ತಿಕೊಳ್ಳುತ್ತದೆ.