ಆರು ಅಧಿಕೃತ ಭಾಷೆ, ಎರಡು ಕಾರ್ಯಭಾಷೆ: ವಿಶ್ವಸಂಸ್ಥೆಯ ಬಹುಭಾಷಿಕತೆ

ನನ್ನ ಹಳೆಯ ಟಿಪ್ಪಣಿ ಪುಸ್ತಕದಲ್ಲಿ ‘2022: ಹಿಂದಿ ವಿಶ್ವಸಂಸ್ಥೆಯ ಅಧಿಕೃತ ಭಾಷೆಯಾಯಿತು’ ಎಂಬ ಸಾಲಿದೆ. ಅದನ್ನು ಕೆಂಪು ಶಾಯಿಯಲ್ಲಿ ಹೊಡೆದು ಹಾಕಿದ್ದೇನೆ. ನೀವೂ ಹಾಗೆ ಬರೆದುಕೊಂಡಿದ್ದರೆ ಈಗಲೇ ತಿದ್ದಿಕೊಳ್ಳಿ. ಆ ವರ್ಷದ ಜೂನ್‌ನಲ್ಲಿ ಸಾಮಾನ್ಯ ಸಭೆ 76/268ನೇ ನಿರ್ಣಯವನ್ನು ಅಂಗೀಕರಿಸಿತು. ಜಾಗತಿಕ ಸಂವಹನ ವಿಭಾಗವು ಅಧಿಕೃತವಲ್ಲದ ಭಾಷೆಗಳನ್ನೂ ಬಳಸುತ್ತಿರುವುದನ್ನು ಅದರಲ್ಲಿ ಮೆಚ್ಚಿಕೊಂಡು, ಪೋರ್ಚುಗೀಸ್, ಸ್ವಾಹಿಲಿ, ಪರ್ಷಿಯನ್, ಬಂಗಾಳಿ, ಉರ್ದುಗಳ ಜೊತೆ ಹಿಂದಿಯನ್ನೂ ಹೆಸರಿಸಿತು. ಮೆಚ್ಚುಗೆ ಬೇರೆ, ಮಾನ್ಯತೆ ಬೇರೆ.

ಮಾನ್ಯತೆ ಇರುವುದು ಆರಕ್ಕೆ: ಅರಬ್ಬಿ, ಚೀನಿ, ಇಂಗ್ಲಿಷ್, ಫ್ರೆಂಚ್, ರಷ್ಯನ್, ಸ್ಪ್ಯಾನಿಷ್. ಆದರೆ ಸಚಿವಾಲಯದ ಕಾರ್ಯಭಾಷೆಗಳು ಇಂಗ್ಲಿಷ್ ಮತ್ತು ಫ್ರೆಂಚ್ ಮಾತ್ರ. ಸಭೆಯಲ್ಲಿ ಆರಕ್ಕೂ ಸಮಾನ ಆಸನ, ಕಚೇರಿಯ ಕಡತ ಓಡಾಡುವುದು ಎರಡರಲ್ಲಿ. ನಿಜ ಹೇಳಬೇಕೆಂದರೆ, ಬಹುಪಾಲು ಒಂದರಲ್ಲಿಯೇ.

ವಿಶ್ವಸಂಸ್ಥೆಯನ್ನು ಹುಟ್ಟುಹಾಕಿದ 1945ರ ಸನ್ನದಿನ 111ನೇ ಅನುಚ್ಛೇದವು ಐದು ಭಾಷೆಗಳ ಪಠ್ಯಗಳನ್ನು ಸಮಾನವಾಗಿ ಪ್ರಮಾಣಭೂತ ಎಂದಿತು. ಆ ಐದರಲ್ಲಿ ಅರಬ್ಬಿ ಇರಲಿಲ್ಲ. ಅದು ಒಳಗೆ ಬಂದದ್ದು 1973ರ ಡಿಸೆಂಬರ್ 18ರಂದು. ಆ ದಿನವನ್ನು ಈಗ ಅರಬ್ಬಿ ಭಾಷಾ ದಿನವಾಗಿ ಆಚರಿಸುತ್ತಾರೆ. ಮೊದಲ ಮೂರು ವರ್ಷಗಳ ಖರ್ಚನ್ನು ಅರಬ್ ದೇಶಗಳೇ ಭರಿಸುವುದಾಗಿ ಒಪ್ಪಿಕೊಂಡವು ಎಂಬುದನ್ನು ಅಡಿಗೆರೆ ಹಾಕಿ ಓದಿ. ಭಾಷೆಗೆ ಗೌರವ ಕೊಡಿ ಎಂದು ಕೇಳುವುದು ಸುಲಭ, ಅದರ ಬಿಲ್ ಯಾರು ಕಟ್ಟುತ್ತಾರೆ ಎಂಬಲ್ಲಿ ಮಾತು ತಡವರಿಸುತ್ತದೆ. ಹೊಸ ಭಾಷೆಯೊಂದು ಸೇರಿದರೆ ದುಭಾಷಿಗಳು, ಅನುವಾದಕರು, ಪ್ರತಿ ದಾಖಲೆಗೆ ಇನ್ನೊಂದು ಆವೃತ್ತಿ, ಎಲ್ಲವೂ ಬೇಕು.

ದುಭಾಷಿಗಳ ಕೆಲಸ ಹೇಗೆ ನಡೆಯುತ್ತದೆ? ಭಾಷಣ ಸಾಗುತ್ತಿರುವಾಗಲೇ ಗಾಜಿನ ಬೂತಿನೊಳಗಿಂದ ಭಾಷಾಂತರ ಮಾಡುವ ಈ ಪದ್ಧತಿ ಎರಡನೇ ಮಹಾಯುದ್ಧದ ನಂತರ ನಾಜಿ ನಾಯಕರ ಮೇಲೆ ನಡೆದ ನ್ಯೂರೆಂಬರ್ಗ್ ವಿಚಾರಣೆಯಲ್ಲಿ ಪಳಗಿ, 1947ರಲ್ಲಿ ವಿಶ್ವಸಂಸ್ಥೆಯ ಕಾಯಂ ವ್ಯವಸ್ಥೆಯಾಯಿತು. ಇಪ್ಪತ್ತು ಮೂವತ್ತು ನಿಮಿಷಕ್ಕೊಮ್ಮೆ ಸರದಿ ಬದಲಾಗುತ್ತದೆ. ಅದಕ್ಕಿಂತ ಹೆಚ್ಚು ಹೊತ್ತು ಮಿದುಳು ತಾಳುವುದಿಲ್ಲ. ಚೀನಿ ಮತ್ತು ಅರಬ್ಬಿ ಬೂತುಗಳಲ್ಲಿ ಮೂವರಿರುತ್ತಾರೆ. ಅವರು ತಮ್ಮ ಭಾಷೆಗೂ ತರಬೇಕು, ತಮ್ಮ ಭಾಷೆಯಿಂದ ಇಂಗ್ಲಿಷ್ ಅಥವಾ ಫ್ರೆಂಚಿಗೂ ಒಯ್ಯಬೇಕು. ಉಳಿದ ಬೂತುಗಳು ಅದನ್ನು ಕೇಳಿ ತಮ್ಮ ಭಾಷೆಗೆ ತಿರುಗಿಸಿಕೊಳ್ಳುತ್ತವೆ.

ಇಷ್ಟೆಲ್ಲ ಯಾಕೆ, ಒಂದೇ ಭಾಷೆ ಸಾಲದೇ ಎನ್ನುವವರಿಗೆ ಭದ್ರತಾ ಮಂಡಳಿಯ 242ನೇ ನಿರ್ಣಯ ತೋರಿಸಿ. 1967ರ ಯುದ್ಧದಲ್ಲಿ ಆಕ್ರಮಿಸಿದ ಪ್ರದೇಶಗಳಿಂದ ಇಸ್ರೇಲ್ ಸೇನೆ ಹಿಂದೆ ಸರಿಯಬೇಕು ಎನ್ನುತ್ತದೆ ಅದು. ಇಂಗ್ಲಿಷ್ ಪಠ್ಯದಲ್ಲಿ ‘ಟೆರಿಟರೀಸ್’ (ಪ್ರದೇಶಗಳು) ಎಂಬುದರ ಹಿಂದೆ ‘ದ’ (the) ಇಲ್ಲ. ಹಾಗಾಗಿ ‘ಎಲ್ಲ ಪ್ರದೇಶಗಳಿಂದಲ್ಲ’ ಎಂದು ಒಂದು ಕಡೆಯವರು ವಾದಿಸಿದರು. ಫ್ರೆಂಚ್ ಪಠ್ಯದ ‘ದೇ’ ಎಂಬ ಪುಟ್ಟ ಪದವನ್ನು ‘ಆ ಪ್ರದೇಶಗಳೆಲ್ಲದರಿಂದ’ ಎಂದು ಓದಬಹುದು; ಇನ್ನೊಂದು ಕಡೆಯವರು ಅದನ್ನು ಹಿಡಿದರು. ಕನ್ನಡದಲ್ಲಾದರೆ ‘ಆಕ್ರಮಿತ ಪ್ರದೇಶಗಳಿಂದ’ ಎಂದು ಬರೆದು ಇಬ್ಬರನ್ನೂ ಸಮಾಧಾನಪಡಿಸಬಹುದಿತ್ತೇನೋ! ಜಗಳ ಇಂದಿಗೂ ಮುಗಿದಿಲ್ಲ.

ಬಹುಭಾಷಿಕತೆ ಎಂಬ ಹೆಸರಿನಲ್ಲೇ ಸಾಮಾನ್ಯ ಸಭೆ ನಿರ್ಣಯ ತಂದದ್ದು 1995ರಲ್ಲಿ (50/11). ಅದರ ಮೇಲ್ವಿಚಾರಣೆಗೆ ಮುಂದೆ ಸಂಯೋಜಕರೂ ಬಂದರು. 2010ರಿಂದ ಆರು ಭಾಷೆಗಳಿಗೂ ಒಂದೊಂದು ದಿನ ಗೊತ್ತುಮಾಡಲಾಗಿದೆ. ದಿನಾಚರಣೆಯಿಂದ ಕಾರ್ಯಭಾಷೆಯ ಲೆಕ್ಕವೇನೂ ಬದಲಾಗಿಲ್ಲ.

ಕನ್ನಡದ ವಿಷಯ? ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆ ಐನೂರಕ್ಕೂ ಹೆಚ್ಚು ಭಾಷೆಗಳಲ್ಲಿ ಸಿಗುತ್ತದೆ, ಕನ್ನಡದಲ್ಲೂ ಇದೆ. ಇನ್ನು ಭಾಷಣಕ್ಕೆ ಬಂದರೆ, ಸಾಮಾನ್ಯ ಸಭೆಯ ನಡಾವಳಿಯ 53ನೇ ನಿಯಮ ನೋಡಿ: ಪ್ರತಿನಿಧಿ ಬೇರೆ ಯಾವ ಭಾಷೆಯಲ್ಲಾದರೂ ಮಾತನಾಡಬಹುದು, ಆರರಲ್ಲಿ ಒಂದಕ್ಕೆ ಭಾಷಾಂತರದ ಏರ್ಪಾಡು ಅವರದೇ. 1977ರಲ್ಲಿ ವಿದೇಶಾಂಗ ಸಚಿವರಾಗಿ ಅಟಲ್ ಬಿಹಾರಿ ವಾಜಪೇಯಿ ಅಲ್ಲಿ ಹಿಂದಿಯಲ್ಲಿ ಮಾತನಾಡಿದ್ದರು. ನಾಳೆ ಭಾರತದ ಪ್ರತಿನಿಧಿಯೊಬ್ಬರು ಕನ್ನಡದಲ್ಲಿ ಮಾತನಾಡಲು ಹೊರಟರೂ ನಿಯಮದ ಅಡ್ಡಿಯಿಲ್ಲ, ದುಭಾಷಿಯನ್ನು ಮಾತ್ರ ಜೊತೆಗೆ ಕರೆದೊಯ್ಯಬೇಕು.